ಮನೆಯಲ್ಲಿ ಮೂವರು, ಫಾರಂ ಒಂದೇ ಸಾಕಾ?

ಪ್ರಶ್ನೆ: ನಾನು ಅನುದಾನಿತ ಪ್ರೌಢಶಾಲೆಯಲ್ಲಿ ಶಿಕ್ಷಕಿ. ವರ್ಷಕ್ಕೆ 11 ಲಕ್ಷ ಸಂಬಳ. ಇಷ್ಟು ವರ್ಷ ಐಟಿಆರ್-1 (ಆದಾಯ ತೆರಿಗೆ ರಿಟರ್ನ್‌ನ ಸರಳ ಫಾರಂ) ಹಾಕುತ್ತಾ ಬಂದಿದ್ದೇನೆ. 2019ರಲ್ಲಿ ಕೊಂಡಿದ್ದ ಒಂದು ಈಕ್ವಿಟಿ ಮ್ಯೂಚುವಲ್ ಫಂಡ್ ಅನ್ನು 2025ರ ಜನವರಿಯಲ್ಲಿ ಮಾರಿದೆ, 62,000 ರೂಪಾಯಿ ಲಾಭ ಬಂತು. ಐಪಿಒದಲ್ಲಿ ಸಿಕ್ಕ ಒಂದು ಲಾಟ್ ಷೇರನ್ನು ಎರಡೇ ತಿಂಗಳಲ್ಲಿ, 2024ರ ನವೆಂಬರ್‌ನಲ್ಲಿ ಮಾರಿ 840 ರೂಪಾಯಿ ಉಳಿಯಿತು, ಅದನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ. ತವರಿನ ಅಡಿಕೆ ತೋಟದಿಂದ ತಮ್ಮ ಪ್ರತಿ ವರ್ಷ ದುಡ್ಡು ಕಳಿಸುತ್ತಾನೆ, ಈ ಸಲ 1.4 ಲಕ್ಷ. ಯಜಮಾನರು ಡಾಕ್ಟರ್. ಖಾಸಗಿ ಆಸ್ಪತ್ರೆಯೊಂದರಲ್ಲಿ ತಿಂಗಳಿಗೆ 1.5 ಲಕ್ಷ ಸಂಬಳ, ಅದರಲ್ಲಿ ಶೇ. 10 ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಹಿಡಿಯುತ್ತಾರೆ. ಮಗ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನ ಕಂಪನಿ ಅಮೆರಿಕದ್ದು, ಅಲ್ಲಿನ ಷೇರು ಕೊಟ್ಟಿದ್ದಾರೆ, ಇನ್ನೂ ಮಾರಿಲ್ಲ. ಮೂವರದೂ ಸಂಬಳವೇ, ಹಾಗಾಗಿ ಐಟಿಆರ್-1 ಸಾಕಲ್ವಾ? ತಪ್ಪು ಫಾರಂ ಹಾಕಿದರೆ ದಂಡ ಬೀಳುತ್ತಾ?

ಉತ್ತರ: ಸಾಕಾಗುವುದಿಲ್ಲ ಮೇಡಂ. ಮೂವರಲ್ಲಿ ಒಬ್ಬರಿಗೂ ಸಾಕಾಗುವುದಿಲ್ಲ. (ಇದು 2024-25ರ ಆದಾಯಕ್ಕೆ 2025ರಲ್ಲಿ ಹಾಕುತ್ತಿದ್ದ ರಿಟರ್ನ್‌ನ ಮಾತು. ಸೆಕ್ಷನ್, ದರ, ಮಿತಿ, ಷರತ್ತುಗಳೆಲ್ಲ ಆಗಿನವು.)

ಬೇಜಾರು ಮಾಡಿಕೊಳ್ಳಬೇಡಿ. ಪ್ರತಿ ಆಗಸ್ಟ್‌ನಲ್ಲಿ ನನ್ನ ಟೇಬಲ್ ಎದುರು ಕೂರುವವರಲ್ಲಿ ಬಹಳಷ್ಟು ಜನ ಇದೇ ಮಾತು ಹೇಳುತ್ತಾರೆ: "ಸರ್, ನಮ್ಮದು ಬರೀ ಸಂಬಳ." ಐಟಿಆರ್-1ಕ್ಕೆ ಸರ್ಕಾರ ಇಟ್ಟಿರುವ ಹೆಸರು ಕೂಡ ಹಾಗೇ ಇದೆ, ಸಹಜ್ ಅಂತೆ. ಐಟಿಆರ್-4 ಸುಗಮ್. ಹೆಸರು ನೋಡಿದರೆ ಇವೆರಡು ಬಿಟ್ಟು ಉಳಿದವೆಲ್ಲ ಅಸಹಜ, ದುರ್ಗಮ ಅನ್ನಿಸಬೇಕು!

ಜನ ಫಾರಂ ಆರಿಸುವುದು ತಾವು ಏನು ಕೆಲಸ ಮಾಡುತ್ತೇವೆ ಅನ್ನುವುದನ್ನು ನೋಡಿ. ಇಲಾಖೆ ನೋಡುವುದು ದುಡ್ಡು ಯಾವ ದಾರಿಯಲ್ಲಿ ಬಂತು ಅನ್ನುವುದನ್ನು. ಮೇಷ್ಟ್ರು, ಡಾಕ್ಟರು, ಇಂಜಿನಿಯರು ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ. ಹಾಗಾಗಿ ಫಾರಂ ತೆರೆಯುವ ಮೊದಲು ಮೂವರದೂ 26ಎಎಸ್ (ನಿಮ್ಮ ಹೆಸರಲ್ಲಿ ಹಿಡಿದ ತೆರಿಗೆಯ ಪಟ್ಟಿ) ಮತ್ತು ಎಐಎಸ್ (ಇಲಾಖೆಗೆ ಗೊತ್ತಿರುವ ನಿಮ್ಮ ಹಣಕಾಸು ವ್ಯವಹಾರಗಳ ಪಟ್ಟಿ) ಇಳಿಸಿಕೊಳ್ಳಿ. ಎರಡೂ ಇ-ಫೈಲಿಂಗ್ ಪೋರ್ಟಲ್‌ನಲ್ಲೇ ಸಿಗುತ್ತವೆ. 26ಎಎಸ್‌ನಲ್ಲಿ ಎಲ್ಲರೂ ನೋಡುವುದು ಎಷ್ಟು ತೆರಿಗೆ ಹಿಡಿದಿದ್ದಾರೆ ಅಂತ. ನೀವು ಪಕ್ಕದ ಸೆಕ್ಷನ್ ಕಾಲಂ ನೋಡಿ. 192 ಅಂದರೆ ಸಂಬಳ. 194ಎ ಅಂದರೆ ಬಡ್ಡಿ. ಇವೆರಡೇ ಇದ್ದರೆ ನೆಮ್ಮದಿ. 194ಜೆ ಕಂಡರೆ ವೃತ್ತಿಯ ಫೀಸು, 194ಸಿ ಕಂಡರೆ ಗುತ್ತಿಗೆ, 194ಡಿ ವಿಮೆ ಕಮಿಷನ್, 194ಎಸ್ ಕ್ರಿಪ್ಟೊ. ಹಣ ಕೊಟ್ಟವರು ನಿಮ್ಮನ್ನು ಏನೆಂದು ಬರೆದುಕೊಂಡಿದ್ದಾರೆ ಅನ್ನುವುದು ಆ ನಾಲ್ಕು ಅಕ್ಷರದಲ್ಲಿದೆ.

ನಿಮ್ಮ ಯಜಮಾನರ ವಿಷಯದಿಂದಲೇ ಶುರು ಮಾಡೋಣ. ದುಡ್ಡು ಜಾಸ್ತಿ ಓಡಾಡುವುದು ಅಲ್ಲೇ.

ಶೇ. 10 ಟಿಡಿಎಸ್ ಅಂತ ಬರೆದಿದ್ದೀರಿ. ಸಂಬಳಕ್ಕೆ ಯಾರೂ ಹೀಗೆ ಸಪಾಟಾಗಿ ಹತ್ತು ಪರ್ಸೆಂಟ್ ಹಿಡಿಯುವುದಿಲ್ಲ, ಸ್ಲ್ಯಾಬ್ ಲೆಕ್ಕ ಹಾಕಿ ಹಿಡಿಯುತ್ತಾರೆ. ಅವರಿಗೆ ಆಸ್ಪತ್ರೆಯಿಂದ ಬರುವುದು ಫಾರಂ 16ಓ (ಸಂಬಳದ ಟಿಡಿಎಸ್ ಪತ್ರ), 16ಎಯೋ (ಸಂಬಳವಲ್ಲದ ಹಣದ ಟಿಡಿಎಸ್ ಪತ್ರ) ನೋಡಿ. ಪಿಎಫ್ ಕಡಿತ ಇದೆಯಾ, ಪೇಸ್ಲಿಪ್ ಕೊಡುತ್ತಾರಾ ಕೇಳಿ. 16ಎ ಬಂದಿದ್ದು, 26ಎಎಸ್‌ನಲ್ಲಿ 194ಜೆ ಅಂತ ಇದ್ದರೆ ಅವರು ಆಸ್ಪತ್ರೆಯ ನೌಕರರಲ್ಲ, ಕನ್ಸಲ್ಟೆಂಟ್. ಮನೆಯಲ್ಲಿ ನಾವು ಸಂಬಳ ಅಂತ ಕರೆದರೂ ಕಾನೂನಿನಲ್ಲಿ ಅದು ವೃತ್ತಿಯ ಆದಾಯ. ಐಟಿಆರ್-1ರಲ್ಲಿ ಅದನ್ನು ತೋರಿಸಲು ಜಾಗವೇ ಇಲ್ಲ. ಸಂಬಳದ ಕಾಲಂಗೆ ತುರುಕಿದರೆ ಟಿಡಿಎಸ್ ಒಂದು ಹೇಳುತ್ತದೆ, ರಿಟರ್ನ್ ಇನ್ನೊಂದು ಹೇಳುತ್ತದೆ. ನೋಟಿಸ್ ಬರುವುದು ಇಲ್ಲಿಂದಲೇ.

ನೋಟಿಸ್ ಆಮೇಲಿನ ಮಾತು, ಮೊದಲು ಲೆಕ್ಕ ನೋಡಿ. ವರ್ಷಕ್ಕೆ 18 ಲಕ್ಷ. ಸಂಬಳ ಅಂದುಕೊಂಡು 75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದವರಿಗೆ ಸಿಗುವ ನೇರ ಕಡಿತ) ಕಳೆದರೆ ಉಳಿಯುವುದು 17.25 ಲಕ್ಷ. ಹೊಸ ಪದ್ಧತಿಯಲ್ಲಿ ತೆರಿಗೆ 2,07,500, ಸೆಸ್ ಸೇರಿ 2,15,800. ಅದೇ ಹಣವನ್ನು ವೃತ್ತಿಯ ಆದಾಯ ಅಂತ ತೋರಿಸಿದರೆ ಸೆಕ್ಷನ್ 44ಎಡಿಎ ಬಳಸಬಹುದು. ವೈದ್ಯರು, ವಕೀಲರು, ಇಂಜಿನಿಯರ್‌ಗಳು, ಲೆಕ್ಕಪರಿಶೋಧಕರು ಮುಂತಾದವರಿಗೆ ಇರುವ ಸವಲತ್ತು ಇದು. ವರ್ಷದ ಒಟ್ಟು ಫೀಸು 50 ಲಕ್ಷದ ಒಳಗಿರಬೇಕು. ನಗದಾಗಿ ಬಂದದ್ದು ಶೇ. 5ನ್ನು ಮೀರದಿದ್ದರೆ 75 ಲಕ್ಷದವರೆಗೂ ಆಗುತ್ತದೆ. ಅದರಲ್ಲಿ ಕನಿಷ್ಠ ಅರ್ಧವನ್ನು ಲಾಭ ಅಂತ ತೋರಿಸಿದರೆ ಖರ್ಚಿನ ಚೀಟಿ, ಲೆಕ್ಕದ ಪುಸ್ತಕ ಯಾವುದೂ ಬೇಕಿಲ್ಲ. 18 ಲಕ್ಷದಲ್ಲಿ ಅರ್ಧ 9 ಲಕ್ಷ. ಅದರ ಮೇಲಿನ ತೆರಿಗೆ ಸೆಸ್ ಸೇರಿ 41,600. ಆಸ್ಪತ್ರೆ ಈಗಾಗಲೇ 1.8 ಲಕ್ಷ ಹಿಡಿದಿದೆ. ಅಂದರೆ 1,38,400 ವಾಪಸ್ ಬರಬೇಕು!

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅರ್ಧ ಅನ್ನುವುದು ಕನಿಷ್ಠ. ನಿಜವಾದ ಲಾಭ ಅದಕ್ಕಿಂತ ಜಾಸ್ತಿ ಇದ್ದರೆ ಜಾಸ್ತಿಯನ್ನೇ ತೋರಿಸುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಎಲ್ಲ ಸಲಹೆಗಾರರೂ ಇದನ್ನು ಒಪ್ಪುವುದಿಲ್ಲ.

ಅವರಿಗೆ ಸರಿಹೊಂದುವುದು ಐಟಿಆರ್-4. ಆದರೆ ಅದಕ್ಕೂ ಷರತ್ತುಗಳಿವೆ. ಒಟ್ಟು ಆದಾಯ 50 ಲಕ್ಷದ ಒಳಗೆ, ಒಂದೇ ಮನೆ, ಕೃಷಿ ಆದಾಯ 5,000ದ ಒಳಗೆ. ಯಾವ ಕಂಪನಿಯಲ್ಲೂ ಡೈರೆಕ್ಟರ್ ಆಗಿರಬಾರದು, ಷೇರುಪೇಟೆಯ ಪಟ್ಟಿಯಲ್ಲಿಲ್ಲದ ಕಂಪನಿಯ ಷೇರು ಇರಬಾರದು. ಒಂದು ವರ್ಷದೊಳಗೆ ಕೊಂಡು ಮಾರಿದ ಷೇರು ಇರಬಾರದು. ಇದರಲ್ಲಿ ಒಂದು ತಪ್ಪಿದರೂ ಐಟಿಆರ್-3ಕ್ಕೆ ಹೋಗಬೇಕು. 44ಎಡಿಎ ಸವಲತ್ತು ಅಲ್ಲೂ ಸಿಗುತ್ತದೆ, ಫಾರಂ ಮಾತ್ರ ಉದ್ದ.

ಡೈರೆಕ್ಟರ್ ವಿಷಯ ಸುಮ್ನೆ ಹೇಳುತ್ತಿಲ್ಲ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಬ್ಬ ವಕೀಲರಿಗೆ ನಾನೇ ಸುಗಮ್ ತುಂಬಿಕೊಟ್ಟಿದ್ದೆ. ಅವರು ಭಾವಮೈದುನನ ಕಂಪನಿಗೆ ಎಂದೋ ಸಹಿ ಹಾಕಿ ನಾಮಕಾವಾಸ್ತೆ ಡೈರೆಕ್ಟರ್ ಆಗಿದ್ದರು. ಒಂದು ರೂಪಾಯಿ ಬಂದಿರಲಿಲ್ಲ, ಅವರಿಗೇ ಮರೆತುಹೋಗಿತ್ತು. ನಾನೂ ಕೇಳಿರಲಿಲ್ಲ. ರಿಟರ್ನ್ ಪರಿಷ್ಕರಿಸಿ ಐಟಿಆರ್-3 ಹಾಕುವಷ್ಟರಲ್ಲಿ ಸಾಕುಸಾಕಾಯಿತು. ಈಗ ಯಾರೇ ಬಂದರೂ ನಾನು ಪ್ಯಾನ್ ನಂಬರ್‌ಗಿಂತ ಮೊದಲು ಕೇಳುವುದು, "ಯಾರ ಕಂಪನಿಗಾದರೂ ಸಹಿ ಹಾಕಿದ್ದೀರಾ?"

ಯಜಮಾನರಿಗೆ ಇನ್ನೊಂದು ಸೂಚನೆ. ಈಗ ಹೊಸ ತೆರಿಗೆ ಪದ್ಧತಿಯೇ ಮೂಲ, ನಾವು ಏನೂ ಆರಿಸದಿದ್ದರೆ ಅದೇ. ಹಳೆಯದೇ ಬೇಕು ಅಂದರೆ, ವೃತ್ತಿ ಅಥವಾ ವ್ಯಾಪಾರದ ಆದಾಯ ಇರುವವರು 10-ಐಇಎ ಅನ್ನುವ ಬೇರೆ ಫಾರಂ ಅನ್ನು ಗಡುವಿನೊಳಗೆ ಹಾಕಬೇಕು. ನಿಮಗೂ ಮಗನಿಗೂ ಆ ತಾಪತ್ರಯ ಇಲ್ಲ, ರಿಟರ್ನ್‌ನಲ್ಲೇ ಒಂದು ಟಿಕ್ ಸಾಕು, ಅದೂ ಗಡುವಿನೊಳಗೆ. ಆಮೇಲೆ ನೀವು ಪ್ರತಿ ವರ್ಷ ಅತ್ತಿಂದಿತ್ತ ಬದಲಿಸಬಹುದು. ಅವರು ಹಳೆಯದಕ್ಕೆ ಹೋದರೆ ಹೊಸದಕ್ಕೆ ವಾಪಸ್ ಬರಲು ಒಂದೇ ಅವಕಾಶ. ಮೇಲಿನ ಲೆಕ್ಕ ನೋಡಿದರೆ ಅವರಿಗೆ ಹೊಸದೇ ಸಾಕು.

ಇನ್ನು ನಿಮ್ಮ ವಿಷಯ.

ಮ್ಯೂಚುವಲ್ ಫಂಡ್ ಲಾಭದ ಬಗ್ಗೆ ಒಂದು ಒಳ್ಳೆಯ ಸುದ್ದಿ ಇದೆ. ಹಿಂದೆ ಷೇರು, ಫಂಡ್ ಮಾರಿದ ಕೂಡಲೇ ಐಟಿಆರ್-1 ಬಿಡಬೇಕಿತ್ತು. 2025-26ರ ಅಸೆಸ್‌ಮೆಂಟ್ ವರ್ಷದ (ಅಂದರೆ 2024-25ರ ಆದಾಯದ) ಫಾರಂನಲ್ಲಿ ಅದನ್ನು ಸಡಿಲಿಸಿದ್ದಾರೆ. ಸೆಕ್ಷನ್ 112ಎ ಅಡಿ ಬರುವ ದೀರ್ಘಾವಧಿ ಲಾಭ (ಪಟ್ಟಿಯಲ್ಲಿರುವ ಷೇರು, ಈಕ್ವಿಟಿ ಫಂಡ್ ಅನ್ನು ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದ್ದು) 1.25 ಲಕ್ಷದೊಳಗಿದ್ದು, ಹಳೆಯ ನಷ್ಟ ಯಾವುದನ್ನೂ ಮುಂದಕ್ಕೆ ಒಯ್ಯುವುದಿಲ್ಲ ಅಂದರೆ ಐಟಿಆರ್-1ರಲ್ಲೇ ತೋರಿಸಬಹುದು. ನಿಮ್ಮ 62,000 ಇದರೊಳಗೆ ಆರಾಮಾಗಿ ಬರುತ್ತದೆ. ತೆರಿಗೆಯೂ ಇಲ್ಲ.

ಕೆಡಿಸಿದ್ದು ನೀವು ಲೆಕ್ಕಕ್ಕೇ ಹಿಡಿಯದ ಆ 840 ರೂಪಾಯಿ. ಎರಡು ತಿಂಗಳಲ್ಲಿ ಮಾರಿದ್ದರಿಂದ ಅದು ಅಲ್ಪಾವಧಿ ಲಾಭ. ಅಲ್ಪಾವಧಿ ಲಾಭ ಒಂದು ರೂಪಾಯಿ ಇದ್ದರೂ ಐಟಿಆರ್-1ಕ್ಕೆ ಜಾಗ ಇಲ್ಲ. ತೆರಿಗೆ ಎಷ್ಟು ಅಂತೀರಾ? ಶೇ. 20ರ ಲೆಕ್ಕದಲ್ಲಿ 168 ರೂಪಾಯಿ. 168 ರೂಪಾಯಿಗೋಸ್ಕರ ಉದ್ದದ ಐಟಿಆರ್-2 ತುಂಬಬೇಕು. ಯಾರಿಗೂ ಹೇಳಬೇಡಿ, ಬಿಟ್ಟುಬಿಡೋಣ ಅನ್ನುವ ಹಾಗೂ ಇಲ್ಲ, ಆ ಮಾರಾಟ ಎಐಎಸ್‌ನಲ್ಲಿ ಬಂದಿರುತ್ತದೆ.

ಐಟಿಆರ್-2ರಲ್ಲಿ ಲಾಭ ತುಂಬುವಾಗ 2024ರ ಜುಲೈ 23ಕ್ಕೆ ಮುಂಚೆ ಮಾರಿದ್ದಾ, ಆಮೇಲಾ ಅಂತ ಬೇರೆಬೇರೆ ಕೇಳುತ್ತದೆ. ಅಂದಿನಿಂದ ದರ ಬದಲಾಗಿದೆ. ಅಲ್ಪಾವಧಿಗೆ ಶೇ. 15 ಇದ್ದದ್ದು 20 ಆಯಿತು, ದೀರ್ಘಾವಧಿಗೆ 10 ಇದ್ದದ್ದು 12.5 ಆಯಿತು. ನಿಮ್ಮ ಎರಡೂ ಮಾರಾಟ ಆಮೇಲಿನವು, ಹಾಗಾಗಿ ಒಂದೇ ಕಡೆ ತುಂಬಿದರೆ ಮುಗಿಯಿತು. ಫಂಡ್ ಕೊಂಡದ್ದು 2018ರ ಜನವರಿ 31ರ ನಂತರವಾದ್ದರಿಂದ ಒಂದೊಂದನ್ನೇ ಬಿಡಿಸಿ ಬರೆಯುವ ಕೆಲಸವೂ ಇಲ್ಲ, ಒಟ್ಟು ಮೊತ್ತ ಸಾಕು.

ಆ 840 ಇಲ್ಲದಿದ್ದರೂ ಅಡಿಕೆ ನಿಮ್ಮನ್ನು ಐಟಿಆರ್-2ಕ್ಕೆ ಎಳೆಯಬಹುದಿತ್ತು. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ತೋಟ, ಗದ್ದೆ ಇರುವ ಮನೆಯವರು ಹೆಚ್ಚಾಗಿ ಎಡವುವುದು ಇಲ್ಲೇ.

ಮೊದಲು, ತಮ್ಮ ಕಳಿಸಿದ ದುಡ್ಡು ಏನು? ಪಹಣಿಯಲ್ಲಿ ನಿಮ್ಮ ಹೆಸರಿದ್ದು, ನಿಮ್ಮ ಪಾಲಿನ ಫಸಲಿನ ದುಡ್ಡು ಅವನು ಕಳಿಸಿದ್ದರೆ ಅದು ನಿಮ್ಮ ಕೃಷಿ ಆದಾಯ. ತೋಟ ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಟ್ಟು ಬಂದ ದುಡ್ಡಾದರೂ ಅದು ಕೃಷಿ ಆದಾಯವೇ. ಆದರೆ ತೋಟ ಪೂರ್ತಿ ತಮ್ಮನದೇ ಆಗಿದ್ದು, ಅಕ್ಕನಿಗೆ ಇರಲಿ ಅಂತ ಪ್ರೀತಿಯಿಂದ ಕೊಟ್ಟಿದ್ದರೆ ಅದು ಒಡಹುಟ್ಟಿದವನ ಉಡುಗೊರೆ. ಅದಕ್ಕೆ ತೆರಿಗೆಯೂ ಇಲ್ಲ, ಅದರಿಂದಾಗಿ ಫಾರಂ ಬದಲಾಗುವುದೂ ಇಲ್ಲ. ಇದನ್ನು ನಾನು ಇಲ್ಲಿ ಕೂತು ಹೇಳಲಾರೆ, ಪಹಣಿ ಹೇಳಬೇಕು.

ಕೃಷಿ ಆದಾಯವೇ ಅಂದುಕೊಳ್ಳೋಣ. 5,000 ರೂಪಾಯಿ ದಾಟಿದರೆ ಐಟಿಆರ್-1 ಇಲ್ಲ, ಐಟಿಆರ್-2. "ಕೃಷಿಗೆ ತೆರಿಗೆ ಇಲ್ಲ, ಮತ್ಯಾಕೆ ತೋರಿಸಬೇಕು?" ಅಂತ ಎಲ್ಲರೂ ಕೇಳುತ್ತಾರೆ. ತೆರಿಗೆ ಇಲ್ಲ, ಸರಿ. ಆದರೆ ನಿಮ್ಮ ಸಂಬಳಕ್ಕೆ ಯಾವ ದರ ಅನ್ನುವುದನ್ನು ಕೃಷಿ ಆದಾಯ ಸೇರಿಸಿ ನೋಡುತ್ತಾರೆ. ನಿಮ್ಮದೇ ಲೆಕ್ಕ ಹಾಕೋಣ. ಬ್ಯಾಂಕ್ ಬಡ್ಡಿ ಬಿಡಿ. 11 ಲಕ್ಷದಲ್ಲಿ 75,000 ಕಳೆದರೆ 10.25 ಲಕ್ಷ. ಅದಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆ 53,750. ಶಾಲೆಯವರು ಹಿಡಿದಿರುವುದು ಇದನ್ನೇ, ಸೆಸ್ ಜೊತೆ. ಈಗ ಅಡಿಕೆಯ 1.4 ಲಕ್ಷ ಸೇರಿಸಿ: 11.65 ಲಕ್ಷಕ್ಕೆ 74,750. ಇನ್ನೊಂದು ಕಡೆ ಮೂಲ ವಿನಾಯಿತಿ 3 ಲಕ್ಷಕ್ಕೆ ಅದೇ 1.4 ಲಕ್ಷ ಸೇರಿಸಿ: 4.4 ಲಕ್ಷಕ್ಕೆ 7,000. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ 67,750. ಅಂದರೆ 14,000 ಜಾಸ್ತಿ, ಸೆಸ್ ಸೇರಿ 14,560. ಶಾಲೆಗೆ ನಿಮ್ಮ ತೋಟ ಗೊತ್ತಿಲ್ಲ, ಹಾಗಾಗಿ ಇದನ್ನು ಹಿಡಿದಿಲ್ಲ. ರಿಟರ್ನ್ ಹಾಕುವ ಮೊದಲು ನೀವೇ ಕಟ್ಟಬೇಕು. ಬಾಕಿ 10,000 ದಾಟಿದ್ದರಿಂದ ಏಪ್ರಿಲ್‌ನಿಂದ ತಿಂಗಳಿಗೆ ಶೇ. 1 ಬಡ್ಡಿಯೂ ಸೇರುತ್ತದೆ.

ಬೆಳೆಯ ಖರ್ಚು ಕಳೆದು ಉಳಿದದ್ದಷ್ಟೇ ಆದಾಯ. ಕೊನೆಕೊಯ್ಲು, ಗೊಬ್ಬರ, ಔಷಧಿ ಸಿಂಪಡಣೆ ಎಲ್ಲ ತಮ್ಮ ಮೊದಲೇ ಕಳೆದು ಕಳಿಸಿದ್ದಾನೋ ಇಲ್ಲವೋ ಕೇಳಿ. ನಿವ್ವಳ ಕೃಷಿ ಆದಾಯ 5 ಲಕ್ಷ ದಾಟಿದರೆ ಜಮೀನಿರುವ ಜಿಲ್ಲೆ, ಪಿನ್‌ಕೋಡ್, ಎಷ್ಟು ಎಕರೆ, ಸ್ವಂತದ್ದಾ ಗುತ್ತಿಗೆಯದಾ, ನೀರಾವರಿಯಾ ಮಳೆಯಾಶ್ರಿತವಾ ಅಂತ ಎಲ್ಲ ಕೇಳುತ್ತಾರೆ. ನಿಮಗೆ ಅಲ್ಲಿಯವರೆಗೆ ಹೋಗುವುದಿಲ್ಲ. ಅಂದ ಹಾಗೆ ನಿಮ್ಮದು ಅಡಿಕೆಯಾಗಿದ್ದು ಒಳ್ಳೆಯದಾಯಿತು. ಕಾಫಿ ಆಗಿದ್ದು, ನೀವೇ ಬೆಳೆದು ಕ್ಯೂರಿಂಗ್ ಮಾಡಿಸಿ ಮಾರಿದ್ದರೆ ಆದಾಯದ ಶೇ. 25ನ್ನು ವ್ಯಾಪಾರ ಅಂತ ತೆಗೆದುಕೊಳ್ಳುತ್ತಾರೆ. ಆಗ ಐಟಿಆರ್-2 ಕೂಡ ಆಗುವುದಿಲ್ಲ, ಐಟಿಆರ್-3!

ಮಗನ ವಿಷಯಕ್ಕೆ ಬಂದರೆ, ಅವನದು ಐಟಿಆರ್-2, ಇದರಲ್ಲಿ ಎರಡು ಮಾತಿಲ್ಲ. ಮಾರಿಲ್ಲ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ವಿದೇಶದಲ್ಲಿ ಒಂದೇ ಒಂದು ಷೇರು ಇದ್ದರೂ ಸಹಜ್ ಮುಟ್ಟುವ ಹಾಗಿಲ್ಲ. ಐಟಿಆರ್-2ರಲ್ಲಿ ಶೆಡ್ಯೂಲ್ ಎಫ್‌ಎ ಅಂತ ಇದೆ, ವಿದೇಶಿ ಆಸ್ತಿಯ ವಿವರ ಅಲ್ಲಿ ತುಂಬಬೇಕು. ಇದರಲ್ಲೊಂದು ವಿಚಿತ್ರ ಇದೆ. ರಿಟರ್ನ್ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಆದರೆ ಈ ಶೆಡ್ಯೂಲ್ ಜನವರಿಯಿಂದ ಡಿಸೆಂಬರ್‌ವರೆಗೆ. 2024-25ರ ರಿಟರ್ನ್‌ಗೆ 2024ರ ಕ್ಯಾಲೆಂಡರ್ ವರ್ಷ. ಷೇರು ಕೈಗೆ ಬಂದ ದಿನದ ಬೆಲೆ, ವರ್ಷದಲ್ಲಿ ಮುಟ್ಟಿದ ಗರಿಷ್ಠ ಬೆಲೆ, ಡಿಸೆಂಬರ್ 31ರ ಬೆಲೆ ಮೂರನ್ನೂ ರೂಪಾಯಿಗೆ ತಿರುಗಿಸಿ ಬರೆಯಬೇಕು. ಡಾಲರ್‌ಗೆ ಎಸ್‌ಬಿಐನ ಟಿಟಿ ಬೈಯಿಂಗ್ ದರ (ಬ್ಯಾಂಕ್ ಡಾಲರ್ ಕೊಳ್ಳುವ ದರ) ಹಿಡಿಯಿರಿ. ಬ್ರೋಕರ್ ಕಂಪನಿಯ ಸ್ಟೇಟ್‌ಮೆಂಟ್ ಇಟ್ಟುಕೊಂಡು ಕೂತರೆ ಒಂದು ಸಂಜೆಯ ಕೆಲಸ. ತಪ್ಪಿಸಬೇಡಿ ಅಂತ ಅವನಿಗೆ ಹೇಳಿ. ವಿದೇಶಿ ಆಸ್ತಿ ಮುಚ್ಚಿಟ್ಟರೆ ಕಪ್ಪುಹಣದ ಕಾಯ್ದೆಯಲ್ಲಿ 10 ಲಕ್ಷ ದಂಡ ಹಾಕಬಹುದು. 2024ರ ಅಕ್ಟೋಬರ್‌ನಿಂದ, ಸ್ಥಿರಾಸ್ತಿ ಬಿಟ್ಟು ಉಳಿದ ವಿದೇಶಿ ಆಸ್ತಿಯ ಒಟ್ಟು ಬೆಲೆ 20 ಲಕ್ಷದೊಳಗಿದ್ದರೆ ಆ ದಂಡ ಹಾಕುವುದಿಲ್ಲ. ಆದರೆ ತೋರಿಸಲೇಬೇಕು ಅನ್ನುವುದು ಹಾಗೇ ಇದೆ.

ಅವನು ಮೊಬೈಲ್‌ನಲ್ಲಿ ಇಂಟ್ರಾಡೇ (ಷೇರನ್ನು ಕೊಂಡ ದಿನವೇ ಮಾರುವುದು), ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಷನ್ಸ್) ಏನಾದರೂ ಆಡುತ್ತಾನಾ? ನಿಮಗೆ ಗೊತ್ತಿರುವುದಿಲ್ಲ, ಅವನನ್ನೇ ಕೇಳಿ. ಆಡಿದ್ದರೆ ಅದು ವ್ಯಾಪಾರದ ಆದಾಯ, ಐಟಿಆರ್-3. ನಷ್ಟ ಆಗಿದೆ, ತೋರಿಸುವುದೇನು ಬಂತು ಅಂತ ಹುಡುಗರು ಬಿಟ್ಟುಬಿಡುತ್ತಾರೆ. ನಷ್ಟ ಆದಾಗಲೇ ಸರಿಯಾದ ಫಾರಂ ಬೇಕು. ಗಡುವಿನೊಳಗೆ ಹಾಕಿದರೆ ಎಫ್ ಅಂಡ್ ಓ ನಷ್ಟವನ್ನು 8 ವರ್ಷ, ಇಂಟ್ರಾಡೇ ನಷ್ಟವನ್ನು 4 ವರ್ಷ ಮುಂದಕ್ಕೆ ಒಯ್ಯಬಹುದು. ಇಲ್ಲದಿದ್ದರೆ ಹೋದ ದುಡ್ಡು ಹೋದಂತೆಯೇ.

ಪೋರ್ಟಲ್‌ನಲ್ಲಿ ಯಾವ ಫಾರಂ ಅಂತ ಆರಿಸಲು ಸಹಾಯ ಮಾಡುವ ಒಂದು ಆಯ್ಕೆ ಇದೆ. ಬಳಸಿ, ಕೆಟ್ಟದ್ದಲ್ಲ. ಆದರೆ ಅದು ನೀವು ಕೊಟ್ಟ ಉತ್ತರವನ್ನೇ ನಂಬುತ್ತದೆ. 26ಎಎಸ್ ಕೂಡ ಅಷ್ಟೇ, ಟಿಡಿಎಸ್ ಹಿಡಿದದ್ದನ್ನು ಹೇಳುತ್ತದೆ. ನಿಮ್ಮ ಅಡಿಕೆ, ಮಗನ ಕೈಯಲ್ಲಿರುವ ಅಮೆರಿಕದ ಷೇರು ಅದರಲ್ಲಿ ಕಾಣುವುದಿಲ್ಲ. ಅವನ್ನು ನೀವೇ ನೆನಪಿಟ್ಟು ಸೇರಿಸಬೇಕು.

ತಪ್ಪು ಫಾರಂ ಹಾಕಿದರೆ ದಂಡವಾ ಅಂತ ಕೇಳಿದ್ದೀರಿ. ಫಾರಂ ತಪ್ಪಾಯಿತು ಅನ್ನುವುದಕ್ಕೇ ನೇರವಾಗಿ ದಂಡ ಇಲ್ಲ. ಸೆಕ್ಷನ್ 139(9) ಅಡಿ ದೋಷಪೂರ್ಣ ರಿಟರ್ನ್ ಅಂತ ನೋಟಿಸ್ ಬರುತ್ತದೆ, ಸರಿಪಡಿಸಲು 15 ದಿನ ಕೊಡುತ್ತಾರೆ. ಬರುವುದು ಇಮೇಲ್‌ಗೆ. ಅದು ಸ್ಪ್ಯಾಮ್‌ನಲ್ಲಿ ಬಿದ್ದು ನೀವು ನೋಡಲಿಲ್ಲ ಅಂದರೆ ರಿಟರ್ನ್ ಅಸಿಂಧು, ಅಂದರೆ ಹಾಕಿಯೇ ಇಲ್ಲ ಅನ್ನುವ ಲೆಕ್ಕ. ಆಗ ಗಡುವು ಮೀರಿದ್ದಕ್ಕೆ 5,000 ಶುಲ್ಕ, ಬಡ್ಡಿ, ರಿಫಂಡ್ ತಡ ಎಲ್ಲ ಒಟ್ಟಿಗೆ ಬರುತ್ತವೆ. 2024-25ರ ಆದಾಯದ ರಿಟರ್ನ್‌ಗೆ ಗಡುವು ಕೊನೆಗೆ 2025ರ ಸೆಪ್ಟೆಂಬರ್ 16 ಆಯಿತು. ಹಾಕಿದ ಮೇಲೆ ತಪ್ಪು ನಿಮಗೇ ಗೊತ್ತಾದರೆ ನೋಟಿಸ್‌ಗೆ ಕಾಯಬೇಡಿ, ಬೇರೆ ಫಾರಂನಲ್ಲಿ ಪರಿಷ್ಕೃತ ರಿಟರ್ನ್ ಹಾಕಬಹುದು, ಆ ವರ್ಷದ್ದಕ್ಕೆ 2025ರ ಡಿಸೆಂಬರ್ 31ರವರೆಗೆ ಅವಕಾಶ ಇತ್ತು. ಹಾಕಿದ 30 ದಿನದೊಳಗೆ ಆಧಾರ್ ಒಟಿಪಿಯಲ್ಲಿ ಇ-ವೆರಿಫೈ ಮಾಡಿ. ಅದನ್ನು ಮರೆತು ರಿಫಂಡ್ ಬಂದಿಲ್ಲ ಅನ್ನುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ನೀವು ಕೇಳಿಲ್ಲ, ಆದರೆ ಹೇಳಲೇಬೇಕು. ತಮ್ಮ ಹಿಂದಿನ ವರ್ಷಗಳಲ್ಲೂ ದುಡ್ಡು ಕಳಿಸಿದ್ದಾನೆ, ನೀವು ಐಟಿಆರ್-1 ಹಾಕಿದ್ದೀರಿ. ಅದು ಕೃಷಿ ಆದಾಯವೇ ಆಗಿದ್ದರೆ ಆ ವರ್ಷಗಳಲ್ಲೂ ತೆರಿಗೆ ಕಡಿಮೆ ಕಟ್ಟಿರುವ ಸಾಧ್ಯತೆ ಇದೆ. ಪರಿಷ್ಕರಿಸುವ ಸಮಯ ಮುಗಿದಿದೆ, ಐಟಿಆರ್-ಯು (ಹಳೆಯ ವರ್ಷದ ರಿಟರ್ನ್ ತಿದ್ದಿ ಬಾಕಿ ಕಟ್ಟುವ ಫಾರಂ) ಅನ್ನುವ ದಾರಿ ಉಳಿದಿದೆ. 2023-24ರ ಹಣಕಾಸು ವರ್ಷದ್ದನ್ನು 2026ರ ಮಾರ್ಚ್ 31ರೊಳಗೆ ಹಾಕಿದರೆ ಬಾಕಿ ತೆರಿಗೆ, ಬಡ್ಡಿ ಎರಡರ ಮೇಲೆ ಶೇ. 25 ಹೆಚ್ಚುವರಿ. ಅದರ ಹಿಂದಿನ ವರ್ಷಕ್ಕೆ ಶೇ. 50. ಆದರೆ ಯಜಮಾನರು ಹಿಂದೆ ಸಂಬಳ ಅಂತ ತೋರಿಸಿ ಜಾಸ್ತಿ ಕಟ್ಟಿದ್ದರೆ ಅದನ್ನು ಐಟಿಆರ್-ಯುನಲ್ಲಿ ವಾಪಸ್ ಕೇಳಲು ಆಗುವುದಿಲ್ಲ, ಅದು ತೆರಿಗೆ ಕಟ್ಟಲು ಮಾತ್ರ ಇರುವ ಬಾಗಿಲು.

ಹಾಗಾಗಿ ಇವತ್ತು ಸಂಜೆ ತಮ್ಮನಿಗೆ ಫೋನ್ ಮಾಡಿ. ಪಹಣಿಯ ಫೋಟೊ ಕಳಿಸು, ಖರ್ಚು ಕಳೆದ ಲೆಕ್ಕ ಕಳಿಸು ಅನ್ನಿ. ಅದು ಬರುವವರೆಗೆ ನಿಮ್ಮ ಫಾರಂ ತೆರೆಯಬೇಡಿ, ಅಲ್ಲಿಯವರೆಗೆ ಯಜಮಾನರದ್ದು ಮುಗಿಸಿ.